ಹತ್ತುವಾಗ ಉಸಿರು, ಇಳಿಯುವಾಗ ತೊಡೆ: ದುರ್ಗದ ಮೆಟ್ಟಿಲಿನಿಂದ ಗುಲ್ಮಾರ್ಗದ ಹಿಮಕ್ಕೆ

ಚಿತ್ರದುರ್ಗದ ಕೋಟೆ ಸುತ್ತಿ ಬಂದ ಮರುದಿನ ಬೆಳಿಗ್ಗೆ ನಿಮಗೂ ಹೀಗೆ ಆಗಿರಬಹುದು. ಹಾಸಿಗೆಯಿಂದ ಏಳಲು ಹೋದರೆ ತೊಡೆಯ ಮುಂಭಾಗ ಹಿಡಿದುಕೊಂಡಿರುತ್ತದೆ. ಕೂರಲು ಹೋದರೆ ನೋವು ಇನ್ನೂ ಜಾಸ್ತಿ. ಹೋದ ತಿಂಗಳು ನನ್ನ ಅಣ್ಣನ ಮಗಳಿಗೆ ಆಗಿದ್ದೂ ಇದೇ. ಕಾಲೇಜಿಗೆ ಹೋಗುವ ಹುಡುಗಿ. ಗೆಳತಿಯರ ಜೊತೆ ಓಬವ್ವನ ಕಿಂಡಿ ನೋಡಿ, ಏಕನಾಥೇಶ್ವರಿ ಗುಡಿ ದಾಟಿ, ತುಪ್ಪದ ಕೊಳದ ಬತೇರಿಯವರೆಗೂ ಹತ್ತಿ ಇಳಿದಿದ್ದಳು. ಹತ್ತುವಾಗ ದಮ್ಮು ಹತ್ತಿ ಎರಡು ಕಡೆ ನಿಂತಿದ್ದಳಂತೆ. ಇಳಿಯುವಾಗ ಮಾತಾಡಿಕೊಂಡು ಆರಾಮಾಗಿ ಬಂದಳಂತೆ. ಮರುದಿನ ದಾವಣಗೆರೆಯ ನಮ್ಮ ಮನೆಯ ಮಹಡಿ ಮೆಟ್ಟಿಲು ಇಳಿಯಲು ಗೋಡೆ ಹಿಡಿದುಕೊಂಡಳು.

“ಅತ್ತೆ, ಹತ್ತುವಾಗ ಕಷ್ಟ ಆಯ್ತು. ಇಳಿಯುವಾಗ ಏನೂ ಅನ್ನಿಸಲಿಲ್ಲ. ಮತ್ತೆ ಈಗ ನೋಯ್ತಿರೋದು ಯಾಕೆ?” ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ನಾನು ಗುಲ್ಮಾರ್ಗದ ಕಥೆ ತೆಗೆಯಬೇಕಾಯಿತು. ಕೆಲವು ವರ್ಷಗಳ ಹಿಂದೆ ದಾವಣಗೆರೆಯಿಂದ ನಾವು ಐದು ಜನ ಗೆಳತಿಯರು ಕಾಶ್ಮೀರಕ್ಕೆ ಹೋಗಿ, ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟವನ್ನು ಒಂದು ವಾರ ಕಲಿತು ಬಂದೆವು. ಹೋಗುವ ಮೊದಲು ಮೂರು ತಿಂಗಳು ತಯಾರಿ ಮಾಡಿದ್ದು ಇದೇ ಕೋಟೆಯ ಮೆಟ್ಟಿಲಿನ ಮೇಲೆ. ಹಿಮವೇ ಬೀಳದ ಊರಿನವರಿಗೆ ಹಿಮದ ಆಟ ಯಾಕೆ ಅಂತ ಕೇಳಿದವರು ತುಂಬಾ ಜನ. ನಾನು ಜಿಮ್ ಸೇರಿ ಬಿಟ್ಟಿದ್ದೇನೆ, ವಾಕಿಂಗ್ ಶುರು ಮಾಡಿ ಬಿಟ್ಟಿದ್ದೇನೆ. ಆ ಮೂರು ತಿಂಗಳು ಮಾತ್ರ ಒಂದು ದಿನವೂ ಬಿಡಲಿಲ್ಲ. ಮುಂದೆ ಒಂದು ಆಟ ಕಾಯುತ್ತಿದೆ ಅಂದಾಗ ಮೈ ತಾನಾಗಿ ಏಳುತ್ತದೆ. ಆ ಆಟದಲ್ಲಿ ಮೈಯೊಳಗೆ ಏನಾಗುತ್ತದೆ, ಇಲ್ಲಿಂದಲೇ ಹೇಗೆ ತಯಾರಾಗಬಹುದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾವಿಯ ಕೊಡ, ತೊಡೆಯ ಸ್ನಾಯು

ಬಾವಿಯಿಂದ ತುಂಬಿದ ಕೊಡ ಮೇಲೆ ಎಳೆಯುವುದು ಒಂದು ಕೆಲಸ. ತುಂಬಿದ ಕೊಡವನ್ನು ಹಗ್ಗ ಬಿಟ್ಟು ಬಿಟ್ಟು, ಎಲ್ಲೂ ತಗುಲದ ಹಾಗೆ ನಿಧಾನವಾಗಿ ಕೆಳಗೆ ಇಳಿಸುವುದು ಇನ್ನೊಂದು ಕೆಲಸ. ಎರಡರಲ್ಲೂ ಕೈ ದುಡಿಯುತ್ತದೆ. ಎಳೆಯುವಾಗ ಹಗ್ಗ ನಿಮ್ಮ ಕಡೆ ಬರುತ್ತದೆ. ಇಳಿಸುವಾಗ ನೀವು ಬಿಗಿಯಾಗಿ ಹಿಡಿದಿದ್ದರೂ ಹಗ್ಗ ನಿಮ್ಮಿಂದ ದೂರ ಹೋಗುತ್ತಿರುತ್ತದೆ.

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಒಂದು ಗುಂಪು ಇದೆ. ಮೆಟ್ಟಿಲು ಹತ್ತುವಾಗ ಈ ಗುಂಪು ಗಿಡ್ಡವಾಗುತ್ತಾ ಮೊಣಕಾಲನ್ನು ನೆಟ್ಟಗೆ ಮಾಡಿ ನಿಮ್ಮನ್ನು ಮೇಲೆತ್ತುತ್ತದೆ. ಕೊಡ ಎಳೆದ ಹಾಗೆ. ಇಳಿಯುವಾಗ ಮೊಣಕಾಲು ಮಡಚುತ್ತದೆ, ಸ್ನಾಯು ಉದ್ದವಾಗುತ್ತದೆ. ಆದರೆ ಸುಮ್ನೆ ಬಿಟ್ಟುಕೊಟ್ಟರೆ ನೀವು ಧಪ್ಪನೆ ಬೀಳುತ್ತೀರಿ. ಅದಕ್ಕೇ ಅದು ಉದ್ದವಾಗುತ್ತಲೇ ನಿಮ್ಮ ಇಡೀ ಭಾರವನ್ನು ಹಿಡಿದುಕೊಂಡಿರುತ್ತದೆ.

ಈ ಇಳಿಸುವ ಕೆಲಸಕ್ಕೆ ಒಂದು ವಿಶೇಷ ಗುಣ ಇದೆ. ಅಷ್ಟೇ ಭಾರಕ್ಕೆ ಎತ್ತುವ ಕೆಲಸಕ್ಕಿಂತ ತುಂಬಾ ಕಡಿಮೆ ಆಮ್ಲಜನಕ ಸಾಕು. ಅದಕ್ಕೇ ಇಳಿಯುವಾಗ ಏದುಸಿರು ಬರುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಲ್ಲಿ ಕಡಿಮೆ ಎಳೆಗಳು ಮಾತ್ರ ಈ ಕೆಲಸಕ್ಕೆ ಇಳಿಯುತ್ತವೆ. ಕಡಿಮೆ ಜನ ಸೇರಿ ದೊಡ್ಡ ಬಂಡೆ ಹೊತ್ತ ಹಾಗೆ. ಒಂದೊಂದು ಎಳೆಯ ಮೇಲೂ ಭಾರ ಜಾಸ್ತಿ. ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಎಳೆಗಳು ಹರಿಯುತ್ತವೆ. ದೇಹ ಅದನ್ನು ಸರಿಪಡಿಸಲು ಹೊರಟಾಗ ಊತ, ಬಿಗಿತ, ನೋವು ಶುರು. ಇದಕ್ಕೆ ಸಮಯ ಹಿಡಿಯುವುದರಿಂದ ನೋವು ಆಗಲೇ ಬರುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಜೋರಾಗಿ ಕಾಣಿಸಿಕೊಳ್ಳುತ್ತದೆ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡು ನೋವು ಬರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದು ಸರಿಯಲ್ಲ. ಅದು ವ್ಯಾಯಾಮ ಮುಗಿದ ಮೇಲೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲೇ ರಕ್ತದಿಂದ ತೆರವಾಗಿರುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಚೆನ್ನಾಗಿದೆ. ಒಮ್ಮೆ ಹೀಗೆ ಪೆಟ್ಟು ತಿಂದು ಸರಿಯಾದ ಸ್ನಾಯು ಮುಂದಿನ ಸಲಕ್ಕೆ ತಯಾರಾಗಿರುತ್ತದೆ. ಎರಡು ಮೂರು ವಾರದೊಳಗೆ ಮತ್ತೆ ಅಷ್ಟೇ ಇಳಿದರೆ ಅಷ್ಟು ನೋವು ಇರುವುದಿಲ್ಲ. ಒಂದೇ ಒಂದು ಸಲ ಮಾಡಿದ್ದಕ್ಕೂ ಈ ರಕ್ಷಣೆ ಸಿಗುತ್ತದೆ. ಹಿಮದ ಆಟಕ್ಕೆ ನಮ್ಮೂರಲ್ಲೇ ತಯಾರಾಗಬಹುದು ಅಂತ ನಾನು ಧೈರ್ಯವಾಗಿ ಹೇಳುವುದು ಇದೇ ಕಾರಣಕ್ಕೆ.

ಯಾಕೆಂದರೆ ಬೆಟ್ಟದಿಂದ ಇಳಿಯುವ ಸ್ಕೀಯಿಂಗ್ ಬಹುಪಾಲು ಈ ಕೊಡ ಇಳಿಸುವ ಕೆಲಸವೇ. ಮೊಣಕಾಲು ಸ್ವಲ್ಪ ಮಡಚಿ ನಿಂತಿರುತ್ತೀರಿ. ಭೂಮಿ ಕೆಳಗೆ ಎಳೆಯುತ್ತಿರುತ್ತದೆ. ತೊಡೆ, ಸೊಂಟ, ಹೊಟ್ಟೆ ಸೇರಿ ಹಿಡಿದು ಹಿಡಿದು ಬಿಡುತ್ತಿರುತ್ತವೆ. ಪ್ರತಿ ತಿರುವಿನಲ್ಲೂ ಹೊರಗಿನ ಕಾಲಿನ ಮೇಲೆ ಭಾರ ಬೀಳುತ್ತದೆ, ಮುಂದಿನ ತಿರುವಿನಲ್ಲಿ ಇನ್ನೊಂದು ಕಾಲಿನ ಸರದಿ. ನೋಡುವವರಿಗೆ ಸುಮ್ನೆ ಜಾರಿಕೊಂಡು ಬರುತ್ತಿದ್ದಾರೆ ಅನ್ನಿಸುತ್ತದೆ. ಕೆಳಗೆ ಬಂದು ನಿಂತವರ ತೊಡೆ ಮುಟ್ಟಿ ನೋಡಿದರೆ ಕಲ್ಲಿನ ಹಾಗೆ ಆಗಿರುತ್ತದೆ.

ಯಾವ ಆಟಕ್ಕೆ ಎಷ್ಟು ದುಡಿಮೆ

ದೇಹದ ದುಡಿಮೆ ಅಳೆಯಲು ಮೆಟ್ ಅನ್ನುವ ಒಂದು ಅಳತೆ ಇದೆ. ಸುಮ್ಮನೆ ಕೂತಿರುವುದು 1 ಮೆಟ್. ಅದರ ಮೂರೂವರೆ ಪಟ್ಟು ಶಕ್ತಿ ಬೇಡುವ ಕೆಲಸ 3.5 ಮೆಟ್. ಲೆಕ್ಕ ಸುಲಭ. ಮೆಟ್ ಅನ್ನು ನಿಮ್ಮ ತೂಕದ ಕಿಲೋದಿಂದ ಗುಣಿಸಿದರೆ ಒಂದು ಗಂಟೆಗೆ ಹೆಚ್ಚುಕಡಿಮೆ ಎಷ್ಟು ಕ್ಯಾಲರಿ ಖರ್ಚಾಗುತ್ತದೆ ಅಂತ ಗೊತ್ತಾಗುತ್ತದೆ.

60 ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳೋಣ. ಪಾರ್ಕ್‌ನಲ್ಲಿ ಸಾಧಾರಣ ವೇಗದ ನಡಿಗೆ ಸುಮಾರು 3.5 ಮೆಟ್, ಗಂಟೆಗೆ 210 ಕ್ಯಾಲರಿ. ಬೆಟ್ಟ ಇಳಿಯುವ ಸ್ಕೀಯಿಂಗ್ ಮಧ್ಯಮ ವೇಗದಲ್ಲಿ 5.3 ಮೆಟ್, ಅಂದರೆ 320ರ ಹತ್ತಿರ. ಐಸ್ ಸ್ಕೇಟಿಂಗ್ 7 ಮೆಟ್, 420 ಕ್ಯಾಲರಿ. ಸಮತಟ್ಟಾದ ಹಿಮದ ಮೇಲೆ ಕೋಲು ಊರಿಕೊಂಡು ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಒಂದು ಹದವಾದ ವೇಗದಲ್ಲೇ 9 ಮೆಟ್. ಗಂಟೆಗೆ 540 ಕ್ಯಾಲರಿ.

ಈ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಬೆಟ್ಟದ ಸ್ಕೀಯಿಂಗ್‌ನಲ್ಲಿ ದಿನವಿಡೀ ಹೊರಗೆ ಇದ್ದರೂ ಅರ್ಧಕ್ಕಿಂತ ಜಾಸ್ತಿ ಸಮಯ ಸರದಿಯಲ್ಲಿ ನಿಲ್ಲುವುದಕ್ಕೆ, ಲಿಫ್ಟ್‌ನಲ್ಲಿ ಮೇಲೆ ಹೋಗುವುದಕ್ಕೆ ಕಳೆಯುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬಳು ತೂಕ ಇಳಿಸಲೆಂದೇ ಬಂದಿದ್ದಳು. ಒಂದು ವಾರದಲ್ಲಿ ತೂಕ ಏನೂ ಇಳಿಯಲಿಲ್ಲ. ಊರಿಗೆ ಬಂದ ಮೇಲೆ ಅವಳ ಮಂಡಿ ನೋವು ಕಡಿಮೆ ಆಗಿತ್ತು. ಅದಕ್ಕೆ ಹಿಮಕ್ಕಿಂತ ಹಿಂದಿನ ಮೂರು ತಿಂಗಳ ವ್ಯಾಯಾಮ ಕಾರಣ ಅಂತ ನನ್ನ ನಂಬಿಕೆ.

ಉಸಿರಿನ ದೃಷ್ಟಿಯಿಂದ ನೋಡಿದರೆ ಕ್ರಾಸ್ ಕಂಟ್ರಿಗೆ ಸಾಟಿ ಇಲ್ಲ. ಕಾಲು ತಳ್ಳುತ್ತದೆ, ಕೈ ಕೋಲಿನಿಂದ ಎಳೆಯುತ್ತದೆ, ಹೊಟ್ಟೆ ಬೆನ್ನು ಎರಡನ್ನೂ ಜೋಡಿಸುತ್ತವೆ. ಇಷ್ಟು ಸ್ನಾಯುಗಳು ಒಟ್ಟಿಗೆ ಆಮ್ಲಜನಕ ಕೇಳಿದಾಗ ಹೃದಯ, ಶ್ವಾಸಕೋಶ ಪೂರ್ತಿ ದುಡಿಯಲೇಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಆಮ್ಲಜನಕ ಬಳಸಬಲ್ಲ ಕ್ರೀಡಾಪಟುಗಳಲ್ಲಿ ಈ ಆಟದವರೇ ಮುಂದೆ ಇರುತ್ತಾರೆ. ಸ್ವೀಡನ್‌ನಲ್ಲಿ 1922ರಿಂದ ನಡೆಯುತ್ತಿರುವ ವಾಸಾಲೊಪ್ಪೆಟ್ ಅನ್ನುವ ಓಟ 90 ಕಿಲೋಮೀಟರ್ ಉದ್ದದ್ದು. ಅದರಲ್ಲಿ ಸಾವಿರಾರು ಸಾಮಾನ್ಯ ಜನ ಸೇರುತ್ತಾರೆ. ನಮ್ಮಲ್ಲಿ ಜಾತ್ರೆಗೆ ಪಾದಯಾತ್ರೆ ಹೊರಟ ಹಾಗೆ.

ಈ ಕಷ್ಟದ ಆಟದಲ್ಲಿ ಹೆಸರು ಮಾಡಿದವರು ಒಬ್ಬರು ನಮ್ಮ ರಾಜ್ಯದವರೇ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟರು. ಕೊಡಗಿನಲ್ಲಿ ಮಳೆ ಸುರಿಯುತ್ತದೆ, ಹಿಮ ಬೀಳುವುದಿಲ್ಲ. ಅವರ ಸುದ್ದಿ ಓದಿದ ದಿನ ನಮ್ಮ ಐದು ಜನರ ಗುಂಪಿನಲ್ಲಿ ಅದೇ ಮಾತು.

ಎರಡು ಹಲಗೆ ಹೇಗೆ ಮಾತು ಕೇಳುತ್ತವೆ

ಕನ್ನಡದಲ್ಲಿ ಇಬ್ಬನಿ ಇದೆ, ಮಂಜು ಇದೆ, ಆಲಿಕಲ್ಲು ಇದೆ. ನಾವು ಕಣ್ಣಾರೆ ಕಂಡ ಮೂರಕ್ಕೂ ಬೇರೆ ಬೇರೆ ಮಾತು ಇವೆ. ಹಿಮ ಮಾತ್ರ ಪುಸ್ತಕದಿಂದ ಬಂದ ಮಾತು. ಮೊದಲ ದಿನ ಅದರ ಮೇಲೆ ಬೂಟು ಇಟ್ಟಾಗ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಸ್ಕೀ ಹುಟ್ಟಿದ್ದೇ ಈ ಕಷ್ಟಕ್ಕೆ. ಉದ್ದದ ಹಲಗೆ ಕಟ್ಟಿಕೊಂಡರೆ ಮೈಯ ಭಾರ ಹರಡಿಕೊಳ್ಳುತ್ತದೆ, ಕಾಲು ಹೂಳುವುದಿಲ್ಲ. ಸಾವಿರಾರು ವರ್ಷದಿಂದ ಉತ್ತರದ ನಾಡುಗಳ ಜನ ಬೇಟೆಗೆ, ಓಡಾಟಕ್ಕೆ ಇದನ್ನು ಬಳಸಿದ್ದಾರೆ. ಸ್ಕೀ ಅನ್ನುವ ಪದದ ಮೂಲ ಅರ್ಥವೇ ಸೀಳಿದ ಮರದ ತುಂಡು ಅಂತ.

ಅದು ಜಾರುವುದು ಯಾಕೆ? ಹಿಮದ ಹರಳಿನ ಮೇಲ್ಮೈಯಲ್ಲಿ, ಸೊನ್ನೆ ಡಿಗ್ರಿಗಿಂತ ಕೆಳಗೂ, ನೀರಿನಂತೆ ಸಡಿಲವಾದ ತೀರಾ ತೆಳು ಪದರ ಒಂದು ಇರುತ್ತದೆ. ಸ್ಕೀ ಉಜ್ಜಿದ ಬಿಸಿಗೆ ಇನ್ನಷ್ಟು ಕರಗುತ್ತದೆ. ಒದ್ದೆ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿದ ಹಾಗೆ ಅನ್ನಿ.

ಜಾರುವುದು ಸುಲಭ. ನಿಲ್ಲುವುದನ್ನೇ ಮೊದಲು ಕಲಿಸುತ್ತಾರೆ. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ, ಡೇರೆಯ ಹಾಗೆ ಮಾಡಿಕೊಳ್ಳಬೇಕು. ಹಿಮ್ಮಡಿಯನ್ನು ಹೊರಗೆ ಒತ್ತಿದರೆ ಸ್ಕೀಯ ಒಳ ಅಂಚು ಹಿಮವನ್ನು ಕೆರೆಯುತ್ತದೆ, ವೇಗ ಇಳಿಯುತ್ತದೆ. ಹೊಲದಲ್ಲಿ ಕುಂಟೆ ಮಣ್ಣು ತಳ್ಳಿಕೊಂಡು ಹೋಗುವುದನ್ನು ನೆನಪಿಸಿಕೊಳ್ಳಿ. ಅಗಲ ಜಾಸ್ತಿ ಮಾಡಿದಷ್ಟೂ ಹಿಡಿತ ಜಾಸ್ತಿ, ತೊಡೆಗೆ ಕೆಲಸವೂ ಜಾಸ್ತಿ.

ತಿರುಗುವುದು ಇದರಿಂದಲೇ ಬರುತ್ತದೆ. ಡೇರೆಯ ಆಕಾರದಲ್ಲಿ ನಿಂತಾಗ ಬಲಗಾಲಿನ ಸ್ಕೀ ಎಡಗಡೆ ಮುಖ ಮಾಡಿರುತ್ತದೆ. ಆ ಕಾಲಿನ ಮೇಲೆ ಭಾರ ಹಾಕಿದರೆ ಅದು ನೋಡುತ್ತಿರುವ ಕಡೆಗೆ ನೀವು ಹೋಗುತ್ತೀರಿ. ಎಡಕ್ಕೆ ತಿರುಗಲು ಬಲಗಾಲು ಒತ್ತಬೇಕು, ಬಲಕ್ಕೆ ಎಡಗಾಲು. ಇದು ತಲೆಗೆ ಬೇಗ ಹತ್ತುತ್ತದೆ, ಕಾಲಿಗೆ ಹತ್ತಲು ಎರಡು ದಿನ ಬೇಕು. ಈಗಿನ ಸ್ಕೀಗಳ ನಡು ಸಣ್ಣ, ಎರಡೂ ತುದಿ ಅಗಲ. ಅಂಚಿನ ಮೇಲೆ ವಾಲಿಸಿದರೆ ಅದು ಬಿಲ್ಲಿನಂತೆ ಬಾಗಿ ತಾನೇ ಗುಂಡಗೆ ತಿರುಗುತ್ತದೆ. 1990ರ ದಶಕದಲ್ಲಿ ಈ ಆಕಾರ ಎಲ್ಲ ಕಡೆ ಬಂದ ಮೇಲೆ ಹೊಸಬರು ಕಲಿಯುವುದು ಸುಲಭವಾಯಿತು.

ನಿಜವಾದ ಕಷ್ಟ ಭಯದ್ದು. ಇಳಿಜಾರು ಕಂಡ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ. ತುಪ್ಪದ ಕೊಳದ ಬಂಡೆ ಇಳಿಯುವಾಗ ನಾವು ಕೂತುಕೊಂಡೇ ಇಳಿಯುತ್ತೇವಲ್ಲ, ಅದೇ ಬುದ್ಧಿ. ಹಿಮದ ಮೇಲೆ ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರ ಇರುವುದಿಲ್ಲ. ಅದು ಮಾತು ಕೇಳುವುದಿಲ್ಲ, ವೇಗ ಹೆಚ್ಚುತ್ತದೆ. ಮೊಣಕಾಲು ಮಡಚಿ, ಕಣಕಾಲಿನ ಮುಂಭಾಗ ಬೂಟಿಗೆ ಒತ್ತುವ ಹಾಗೆ ಮುಂದಕ್ಕೆ ಬಾಗಬೇಕು. ನಮಗೆ ಕಲಿಸಿದ ಗುಲ್ಮಾರ್ಗದ ಹುಡುಗ ದಿನಕ್ಕೆ ನೂರು ಸಲ “ಘುಟ್ನೇ ಮೋಡೋ, ದೀದಿ” ಅನ್ನುತ್ತಿದ್ದ. ಮೊಣಕಾಲು ಮಡಚಿ, ಅಕ್ಕಾ. ಮೂರನೇ ದಿನ ಮಧ್ಯಾಹ್ನ ಒಂದು ಸಣ್ಣ ಇಳಿಜಾರಿನಲ್ಲಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿ ಬೀಳದೆ ಕೆಳಗೆ ಬಂದು ನಿಂತೆ. ನಲವತ್ತು ದಾಟಿದ ಮೇಲೆ ಮೈಗೆ ಹೊಸದೊಂದು ವಿದ್ಯೆ ಬಂದಾಗ ಆಗುವ ಸಂತೋಷ ಬೇರೆಯೇ. ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಗರಡಿಯ ಬಸ್ಕಿ, ಶಾಲೆಯ ಕುರ್ಚಿ

ತಯಾರಿಗೆ ದುಬಾರಿ ಯಂತ್ರ ಬೇಕಿಲ್ಲ. ದಾವಣಗೆರೆ ಕುಸ್ತಿಯ ಊರು. ಗರಡಿ ಮನೆಯ ಬಸ್ಕಿಯೇ ಸ್ಕೀಯಿಂಗ್‌ನ ಮೂಲ ವ್ಯಾಯಾಮ. ಒಂದೇ ಬದಲಾವಣೆ. ಪೈಲ್ವಾನರು ಬೇಗ ಬೇಗ ಹೊಡೆಯುತ್ತಾರೆ. ನಾವು ನಾಲ್ಕು ಎಣಿಸುತ್ತಾ ನಿಧಾನವಾಗಿ ಕೆಳಗೆ ಹೋಗಬೇಕು, ಒಂದೇ ಎಣಿಕೆಗೆ ಮೇಲೆ ಏಳಬೇಕು. ಹಿಮ್ಮಡಿ ನೆಲ ಬಿಡಬಾರದು. ಕೆಳಗೆ ಹೋಗುವ ಆ ನಾಲ್ಕು ಎಣಿಕೆಯೇ ಕೊಡ ಇಳಿಸುವ ಕೆಲಸ.

ಇನ್ನೊಂದು, ಶಾಲೆಯಲ್ಲಿ ಮೇಷ್ಟ್ರು ಕೊಡುತ್ತಿದ್ದ ಕುರ್ಚಿ ಶಿಕ್ಷೆ. ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ನಿಲ್ಲುವುದು. ಮೊದಲ ವಾರ ನನಗೆ ಅರ್ಧ ನಿಮಿಷಕ್ಕೇ ತೊಡೆ ನಡುಗಿತು. ಮೂರು ತಿಂಗಳಿಗೆ ಒಂದೂವರೆ ನಿಮಿಷ ಆಯಿತು. ಹಾಲು ಉಕ್ಕುವುದನ್ನು ಕಾಯುವಾಗ ಒಂಟಿ ಕಾಲಲ್ಲಿ ನಿಲ್ಲುವುದನ್ನೂ ಸೇರಿಸಿಕೊಳ್ಳಿ. ಕಾಲಿನ ಗಿಣ್ಣಿನ ಸುತ್ತ ಇರುವ ಸಣ್ಣ ಸ್ನಾಯುಗಳು ಪ್ರತಿ ಕ್ಷಣ ನಿಮ್ಮನ್ನು ಸರಿಮಾಡುತ್ತಿರುತ್ತವೆ. ಅದೇ ಸಮತೋಲನ ಹಿಮದ ಮೇಲೆ ಕೈ ಹಿಡಿಯುತ್ತದೆ, ಮುಂದೆ ವಯಸ್ಸಾದಾಗ ಬಚ್ಚಲಲ್ಲೂ ಹಿಡಿಯುತ್ತದೆ.

ಭಾನುವಾರ ಕೋಟೆ. ಬೆಳಿಗ್ಗೆ ಬೇಗ ಹೋದರೆ ಬಿಸಿಲೂ ಇಲ್ಲ, ಜನವೂ ಕಡಿಮೆ. ಹತ್ತುವಾಗ ಉಸಿರಿನ ವ್ಯಾಯಾಮ ತಾನಾಗಿ ಆಗುತ್ತದೆ. ಇಳಿಯುವಾಗ ಹಿಮ್ಮಡಿ ಕುಟ್ಟಬೇಡಿ, ಜಿಗಿಯಬೇಡಿ. ಒಂದೊಂದು ಮೆಟ್ಟಿಲಿಗೂ ಎರಡು ಎಣಿಸಿ, ಸದ್ದಾಗದಂತೆ ಪಾದ ಇಡಿ. ಮೊದಲ ವಾರ ಅರ್ಧ ದಾರಿ ಸಾಕು. ನಂತರದ ಎರಡು ದಿನ ತೊಡೆಗೆ ಬಿಡುವು ಕೊಟ್ಟು ಬರೀ ನಡೆಯಿರಿ. ಚಿತ್ರದುರ್ಗದವರಿಗೆ ಜೋಗಿಮಟ್ಟಿಯ ಏರುದಾರಿಯೂ ಇದೆ. ಆ ಗಾಳಿಯಲ್ಲಿ ನಡೆಯುವುದು ಅಂದರೆ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ, ಎರಡು ದಿನ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಬೇಕು ಅನ್ನುತ್ತದೆ. ಮಧ್ಯಮ ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೇಲೆ ಹೇಳಿದ್ದನ್ನು ಮಾಡಿದರೆ ಈ ಎರಡೂ ಸಲೀಸಾಗಿ ತುಂಬುತ್ತವೆ. ಬಿಪಿ, ಹೃದಯದ ತೊಂದರೆ, ಹಳೆಯ ಮಂಡಿ ಪೆಟ್ಟು ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಇದನ್ನು ಮುಂದೂಡಬೇಡಿ.

ಮಕ್ಕಳಿರುವ ಮನೆಯವರಿಗೆ ರೋಲರ್ ಸ್ಕೇಟ್ ಒಳ್ಳೆಯ ಬಾಗಿಲು. ಪಕ್ಕಕ್ಕೆ ತಳ್ಳಿ, ಒಂದು ಕಾಲಿನ ಮೇಲೆ ಜಾರುವ ಲಯ ಐಸ್ ಸ್ಕೇಟಿಂಗ್‌ನಲ್ಲೂ ಇದೆ. ಕ್ರಾಸ್ ಕಂಟ್ರಿ ಆಟಗಾರರು ಹಿಮ ಇಲ್ಲದ ತಿಂಗಳಲ್ಲಿ ಚಕ್ರ ಹಾಕಿದ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಮನಾಲಿಯ ಶಿವ ಕೇಶವನ್ ಅವರ ಕಥೆ ನಿಮಗೆ ಗೊತ್ತಿರಬಹುದು. ಸ್ಲೆಡ್ ಮೇಲೆ ಅಂಗಾತ ಮಲಗಿ ಐಸ್ ಕಾಲುವೆಯಲ್ಲಿ ಜಾರುವ ಲ್ಯೂಜ್ ಆಟದಲ್ಲಿ ಅವರು 1998ರ ನಗಾನೊದಿಂದ 2018ರ ಪಿಯೊಂಗ್‌ಚಾಂಗ್‌ವರೆಗೆ ಆರು ಒಲಿಂಪಿಕ್ಸ್ ಆಡಿದರು. ದೇಶದಲ್ಲಿ ಆ ಆಟಕ್ಕೆ ಕಾಲುವೆ ಇರಲಿಲ್ಲ. ಸ್ಲೆಡ್‌ಗೆ ಚಕ್ರ ಜೋಡಿಸಿ ಹಿಮಾಲಯದ ರಸ್ತೆಗಳಲ್ಲಿ ಲಾರಿಗಳ ನಡುವೆ ಅಭ್ಯಾಸ ಮಾಡಿದರು. ನಾವು ಯಾರೂ ಅದನ್ನು ರಸ್ತೆಯಲ್ಲಿ ಮಾಡಬಾರದು. ಆದರೆ ಸೌಲಭ್ಯ ಇಲ್ಲ ಅಂತ ಕೈಕಟ್ಟಿ ಕೂರದ ಆ ಹಟವನ್ನು ನಾನು ತುಂಬಾ ಗೌರವಿಸುತ್ತೇನೆ.

ಹತ್ತಿಯ ಊರಿನವರು ಹತ್ತಿ ಬಿಟ್ಟು ಹೋಗಬೇಕು

ನಮ್ಮೂರು ಹತ್ತಿ ಗಿರಣಿಗಳಿಂದ ಬೆಳೆದದ್ದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಹೆಸರು. ಬಿಸಿಲಿಗೆ ಹತ್ತಿಯಷ್ಟು ಹಿತವಾದ ಬಟ್ಟೆ ಇಲ್ಲ. ಬೆವರು ಹೀರಿ, ಒದ್ದೆಯಾಗಿ, ಮೈ ತಂಪು ಮಾಡುತ್ತದೆ. ಹಿಮದಲ್ಲಿ ಇದೇ ಗುಣ ಅಪಾಯ. ಆಡುವಾಗ ಬೆವರುತ್ತೀರಿ, ನಿಂತಾಗ ಆ ಒದ್ದೆ ಬನಿಯನ್ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಮೈಗೆ ಅಂಟುವ ಬಟ್ಟೆ ಉಣ್ಣೆ ಅಥವಾ ಪಾಲಿಯೆಸ್ಟರ್‌ನದಾಗಿರಲಿ. ಅದರ ಮೇಲೆ ಬಿಸಿ ಹಿಡಿದಿಡಲು ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ತಡೆಯುವ ಜಾಕೆಟ್. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ಮೇಲು. ಸೆಕೆ ಆದರೆ ಒಂದು ತೆಗೆಯಬಹುದು, ನಡುವಿನ ಗಾಳಿಯೇ ಕಂಬಳಿಯಾಗುತ್ತದೆ. ಕಾಲುಚೀಲವೂ ಹತ್ತಿಯದು ಬೇಡ. ಬೂಟು, ಸ್ಕೀ, ಕೋಲು, ಹೆಲ್ಮೆಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಡಿ.

ಚಳಿಯಲ್ಲಿ ಬಾಯಾರಿಕೆ ಅಷ್ಟಾಗಿ ಆಗುವುದಿಲ್ಲ. ಆದರೆ ಒಣ ಗಾಳಿಯಲ್ಲಿ ಪ್ರತಿ ಉಸಿರಿನ ಜೊತೆ ನೀರು ಆವಿಯಾಗಿ ಹೋಗುತ್ತದೆ. ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ಒಳಗೆ ಸರಿಯುವುದರಿಂದ ಮೂತ್ರವೂ ಜಾಸ್ತಿ. ಗಂಟೆಗೊಮ್ಮೆ ಕುಡಿಯಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದ 80 ಶೇಕಡದವರೆಗೂ ವಾಪಸ್ ಎರಚುತ್ತದೆ. ಕೆಳಗಿನಿಂದಲೂ ಬಿಸಿಲು ಹೊಡೆದ ಹಾಗೆ. ಗಾಗಲ್ಸ್ ಇಲ್ಲದೆ ಒಂದು ದಿನ ಕಳೆದರೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಆಗಬಹುದು. ಗದ್ದದ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ.

ಎತ್ತರದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗ ಸುಮಾರು 2,650 ಮೀಟರ್. ಅಲ್ಲಿ ತಂತಿಯ ಮೇಲೆ ಸಾಗುವ ಗೊಂಡೋಲಾ ಅನ್ನುವ ಕೇಬಲ್ ಕಾರ್ ಇದೆ, ಅದರ ಎರಡನೇ ಹಂತ ನಿಮ್ಮನ್ನು 3,900 ಮೀಟರ್ ದಾಟಿಸುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ 21 ಶೇಕಡವೇ. ಗಾಳಿಯೇ ತೆಳುವಾಗುವುದರಿಂದ ಒಂದು ಉಸಿರಿಗೆ ಸಿಗುವುದು ಕಡಿಮೆ. ನಮ್ಮೂರಿಗೆ ಹೋಲಿಸಿದರೆ ಗುಲ್ಮಾರ್ಗದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡಿಮೆ, ಗೊಂಡೋಲಾದ ತುದಿಯಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ. ಮೂರು ತಿಂಗಳು ಕೋಟೆ ಹತ್ತಿದ ನಮಗೂ ಮೊದಲ ದಿನ ನಾಲ್ಕು ಹೆಜ್ಜೆಗೆ ದಮ್ಮು ಹತ್ತಿತು. ಅದು ಸಹಜ. ಮೊದಲ ದಿನ ಸುಮ್ಮನೆ ಓಡಾಡಿ. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗಬೇಡಿ. ಜಾಸ್ತಿಯಾದರೆ ಕೆಳಗೆ ಇಳಿಯುವುದೇ ಮದ್ದು.

ಚಳಿಯಲ್ಲಿ ಆಡಿದರೆ ಕೊಬ್ಬು ಕರಗಿ ಹೋಗುತ್ತದೆ ಅನ್ನುವ ಮಾತನ್ನು ಅಷ್ಟಾಗಿ ನಂಬಬೇಡಿ. ನಡುಗುವಾಗ ಶಕ್ತಿ ಖರ್ಚಾಗುತ್ತದೆ, ನಿಜ. ಸರಿಯಾಗಿ ಬಟ್ಟೆ ಹಾಕಿ ಆಡುವವರು ನಡುಗುವುದಿಲ್ಲ. ಸಂಜೆ ಹಸಿವು ಮಾತ್ರ ಜೋರಾಗಿರುತ್ತದೆ.

ಎಲ್ಲಿ, ಯಾವಾಗ

ಗುಲ್ಮಾರ್ಗ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಅಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯ ಪರ್ವತಾರೋಹಣ ಸಂಸ್ಥೆಯೂ ಸೋಲಂಗ್ ಕಣಿವೆಯಲ್ಲಿ ಸ್ಕೀಯಿಂಗ್ ಕಲಿಸುತ್ತದೆ. ಉತ್ತರಾಖಂಡದ ಔಲಿ ಇನ್ನೊಂದು ಜಾಗ. ಐಸ್ ಸ್ಕೇಟಿಂಗ್ ಬೇಕಾದರೆ ಶಿಮ್ಲಾ. ಅಲ್ಲಿನ ಹಳೆಯ ಮೈದಾನದಲ್ಲಿ ನೀರು ಹಾಯಿಸಿ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸಿ, ಬೆಳಿಗ್ಗೆ ಅದರ ಮೇಲೆ ಆಡುವ ಪದ್ಧತಿ ನೂರು ವರ್ಷ ಹಳೆಯದು. ನನ್ನ ಸಲಹೆ ಏನೆಂದರೆ ಒಂದು ದಿನದ ಪ್ರವಾಸಿ ಜಾರಾಟಕ್ಕೆ ದುಡ್ಡು ಕಳೆಯಬೇಡಿ. ನಾಲ್ಕೈದು ದಿನ ಒಬ್ಬರೇ ಶಿಕ್ಷಕರ ಹತ್ತಿರ ಕಲಿಯಿರಿ. ಆಟ ರುಚಿಸುವುದೇ ಮೂರನೇ ದಿನದಿಂದ.

ಜನವರಿ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ. ಆದರೆ ಹಿಮ ಈಗ ಮೊದಲಿನಷ್ಟು ನಂಬಿಕೆಯದಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗದ ಇಳಿಜಾರುಗಳು ಬೋಳಾಗಿದ್ದವು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಕೂಟವನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಮಳೆ ಕೈಕೊಟ್ಟರೆ ಹೇಗಿರುತ್ತದೆ ಅಂತ ಚಿತ್ರದುರ್ಗದವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿ ಸ್ಕೀ ಬಾಡಿಗೆ ಕೊಡುವವರು, ಕಲಿಸುವವರು, ಸ್ಲೆಡ್ ಎಳೆಯುವವರು ಹಿಮಕ್ಕಾಗಿ ಹಾಗೆಯೇ ಆಕಾಶ ನೋಡುತ್ತಾರೆ. ಆ ಇಳಿಜಾರಿನಲ್ಲೇ ಕಲಿತ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಒಬ್ಬನೇ ಭಾರತೀಯ.

ಸ್ಕೀಯಿಂಗ್‌ನಲ್ಲಿ ದೊಡ್ಡ ಪೆಟ್ಟು ಬೀಳುವುದು ಹೆಚ್ಚಾಗಿ ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳಿಗೆ, ಅಂದರೆ ಲಿಗಮೆಂಟ್‌ಗಳಿಗೆ. ಬಿದ್ದಾಗ ಬೂಟಿನಿಂದ ಸ್ಕೀ ತಾನೇ ಕಳಚಿಕೊಳ್ಳುವ ಹಿಡಿಕೆ ಇರುತ್ತದೆ. ಅದನ್ನು ನಿಮ್ಮ ತೂಕಕ್ಕೆ ಸರಿಯಾಗಿ ಹೊಂದಿಸಿದ್ದಾರಾ ಅಂತ ಬಾಡಿಗೆ ಅಂಗಡಿಯಲ್ಲಿ ಕೇಳಿ. ಗುರುತು ಹಾಕಿದ ಇಳಿಜಾರು ಬಿಟ್ಟು ಆಚೆ ಹೋಗಬೇಡಿ, ಅಲ್ಲಿ ಹಿಮಕುಸಿತದ ಭಯ ಇದೆ. ಸಂಜೆ ತೊಡೆ ನಡುಗಲು ಶುರುವಾದರೆ “ಇನ್ನೊಂದೇ ಸಲ” ಅನ್ನಬೇಡಿ. ದಣಿದ ತೊಡೆ ಕೊಡದ ಹಗ್ಗ ಬಿಟ್ಟುಬಿಡುತ್ತದೆ.

ಇಷ್ಟೆಲ್ಲ ಕೇಳಿದ ಅಣ್ಣನ ಮಗಳು ನೋವು ಹೋಗುವವರೆಗೆ ಒಂದು ವಾರ ಸುಮ್ಮನಿದ್ದಳು. ಆಮೇಲೆ ಒಂದು ಭಾನುವಾರ ನಾವಿಬ್ಬರೂ ಬೆಳಗಿನ ಬಸ್ಸಿಗೆ ದುರ್ಗಕ್ಕೆ ಹೋದೆವು. ಅದೇ ಕಿಂಡಿ, ಅದೇ ಗುಡಿ, ಅದೇ ಬತೇರಿ. ಇಳಿಯುವಾಗ ಅವಳು ಒಂದೊಂದು ಮೆಟ್ಟಿಲಿಗೂ ಎರಡು ಎಣಿಸುತ್ತಾ ಬಂದಳು. ಸೋಮವಾರ ಬೆಳಿಗ್ಗೆ ನಾನು ಅಡುಗೆಮನೆಯಿಂದ ಇಣುಕಿ ನೋಡಿದೆ. ಮಹಡಿ ಮೆಟ್ಟಿಲು ಇಳಿದು ಬರುತ್ತಿದ್ದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಫೋನು. ಗೋಡೆ ಹಿಡಿದಿರಲಿಲ್ಲ.